ವಕೀಲರ ಕಪಾಟು

ಆಸ್ತಿ ಕಾಗದದ ಕೆಲಸಕ್ಕೆ ಧಾರವಾಡದ ಒಂದು ಹಳೇ ವಕೀಲರ ಆಫೀಸಿಗೆ ಹೋಗಿದ್ದೆ. ಅಜ್ಜ ಶುರು ಮಾಡಿದ್ದು, ಈಗ ಮೊಮ್ಮಗಳು ನಡೆಸುತ್ತಾರೆ. ಮೇಡಂ ಕೋರ್ಟಿನಿಂದ ಬರುವ ತನಕ ಕಪಾಟು ನೋಡುತ್ತ ಕೂತೆ.

ಕೆಳಗಿನ ಸಾಲಿನಲ್ಲಿ ಬಾಂಬೆ ಲಾ ರಿಪೋರ್ಟರ್, ಅಂದರೆ ಕೋರ್ಟಿನ ತೀರ್ಪುಗಳನ್ನು ಅಚ್ಚು ಹಾಕಿದ ಸಂಪುಟಗಳು. 1956ರ ನವೆಂಬರ್‌ವರೆಗೆ ಈ ಊರಿನ ಮೇಲ್ಮನವಿಗಳು ಹೋಗುತ್ತಿದ್ದದ್ದು ಮುಂಬೈ ಹೈಕೋರ್ಟಿಗೆ. ಅದರ ಮೇಲೆ ಮೈಸೂರು ಲಾ ಜರ್ನಲ್. 1973ರಲ್ಲಿ ರಾಜ್ಯದ ಹೆಸರು ಬದಲಾಯಿತಲ್ಲ, ಮುಂದಿನ ಸಂಪುಟಗಳ ಮೇಲೆ ‘ಕರ್ನಾಟಕ’. ಏಕೀಕರಣದ ಕಥೆಯನ್ನು ಇಷ್ಟು ಧೂಳಿನಲ್ಲಿ ನಾನು ಎಲ್ಲೂ ಓದಿರಲಿಲ್ಲ!

ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಅದಕ್ಕೂ ಮೊದಲು? “ರಾತ್ರಿ ಬಸ್ಸಿಗೆ ಬೆಂಗಳೂರು. ಫೈಲ್ ತಲಿಗಿಂಬು ಮಾಡ್ಕೊಂಡ ಮಲಗತಿದ್ವಿ ನೋಡ್ರಿ” ಅಂದರು ಹಿರಿಯ ಗುಮಾಸ್ತರು.

ವಕೀಲರು ಜಾಹೀರಾತು ಕೊಡುವಂತಿಲ್ಲ, ಬೋರ್ಡಿನ ಗಾತ್ರವೂ ಹದ ಮೀರಬಾರದು ಅನ್ನುತ್ತದೆ ಬಾರ್ ಕೌನ್ಸಿಲ್ ನಿಯಮ. ಬೇಕರಿಯವರ ಹಾಗೆ ‘ಮೂರು ತಲೆಮಾರಿನ ನಂಬಿಕೆ’ ಅಂತ ಬರೆಸಿಕೊಳ್ಳೋದು ಇವರಿಗೆಲ್ಲಿ ಸಾಧ್ಯ? ಹಾಗಾಗಿ ಇಂಥ ಆಫೀಸುಗಳ ಚರಿತ್ರೆ ಕಪಾಟಿನಲ್ಲೂ ಗುಮಾಸ್ತರ ಬಾಯಲ್ಲೂ ಉಳಿದಿದೆ. ತೀರ್ಪುಗಳೆಲ್ಲ ಕಂಪ್ಯೂಟರಿನಲ್ಲೇ ಸಿಗುವುದರಿಂದ ಹೊಸ ಸಂಪುಟ ಕೊಳ್ಳೋದು ನಿಂತಿದೆಯಂತೆ.

ನನ್ನ ಕಾಗದ ಇನ್ನೂ ಆಗಿಲ್ಲ. ಸೋಮವಾರ ಬರ್ರಿ ಅಂದಾರ.