ಹೊತ್ತ ಹರಕೆ ತೀರಿಸುವುದು ಹೇಗೆ

ಆಪರೇಷನ್ ಥಿಯೇಟರ್ ಬಾಗಿಲಲ್ಲಿ ನಿಂತಾಗ ಬಾಯಿಗೆ ಬರುವ ಹರಕೆಗೆ ಲೆಕ್ಕ ಇರುವುದಿಲ್ಲ. ‘ಅಪ್ಪಾ ಮಂಜುನಾಥಾ, ಇದೊಂದು ಉಳಿಸಿಕೊಡು, ಏನು ಬೇಕಾದರೂ ಮಾಡ್ತೀನಿ.’ ತೀರದೆ ಉಳಿಯುವ ಹರಕೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ‘ಏನು ಬೇಕಾದರೂ’ ಎಂಬಲ್ಲೇ. ಏನು ಅಂತ ಹೇಳದ್ದನ್ನು ತೀರಿಸುವುದಾದರೂ ಹೇಗೆ? ಎಷ್ಟು ಮಾಡಿದರೂ ಇನ್ನೂ ಬಾಕಿ ಇದೆ ಅನ್ನಿಸುತ್ತಲೇ ಇರುತ್ತದೆ.

ಹೇಳಿಕೊಳ್ಳುವಾಗಲೇ ಯಾವ ದೇವರಿಗೆ, ಯಾವ ಕ್ಷೇತ್ರದಲ್ಲಿ, ಯಾವ ಸೇವೆ, ಎಷ್ಟು, ಯಾವಾಗಿನೊಳಗೆ, ಯಾರು ಅಂತ ಬಿಡಿಸಿ ಹೇಳಬೇಕು. ‘ಮಗು ಹುಷಾರಾದರೆ ಬರುವ ಶಿವರಾತ್ರಿಯೊಳಗೆ ಧರ್ಮಸ್ಥಳಕ್ಕೆ ಬಂದು ಅಕ್ಕಿ ತುಲಾಭಾರ ಮಾಡಿಸ್ತೀನಿ’ ಅಂದರೆ ಸಾಕು. ‘ಮನೆಯವರೆಲ್ಲ ಬರ್ತೀವಿ’ ಅನ್ನುವ ಮಾತು ಬೇಡ. ತಮ್ಮನಿಗೆ ರಜೆ ಸಿಗುವುದಿಲ್ಲ, ಅತ್ತಿಗೆ ದುಬೈನಲ್ಲಿ, ಎಲ್ಲರೂ ಸೇರುವ ದಿನಕ್ಕೆ ಕಾಯುತ್ತ ಹತ್ತು ವರ್ಷ ಕಳೆಯುತ್ತದೆ. ಮೈಯಿಂದ ಮಾಡುವ ಸೇವೆಯಂತೂ ಹೇಳಿಕೊಂಡವರದ್ದೇ ಆಗಿರಬೇಕು. ಮಗ ಉರುಳು ಸೇವೆ ಮಾಡುತ್ತಾನೆ ಅಂತ ತಾಯಿ ಹೊತ್ತುಕೊಂಡು, ಬೆಳೆದ ಮಗ ಒಲ್ಲೆ ಅಂದರೆ, ಹರಕೆಯ ಜೊತೆಗೆ ಮನೆಯ ನೆಮ್ಮದಿಯೂ ಕೆಡುತ್ತದೆ.

ಹೇಳಿಕೊಂಡ ದಿನವೇ ಮುಡಿಪು, ಅಂದರೆ ದೇವರ ಹೆಸರಲ್ಲಿ ತೆಗೆದಿಡುವ ಕಾಣಿಕೆಯ ಗಂಟು, ಕಟ್ಟಿಡುವುದು ಹಿರಿಯರು ಮಾಡಿಟ್ಟ ಒಳ್ಳೆಯ ಪದ್ಧತಿ. ಒಂದು ಗೇಣು ಬಿಳಿ ಹತ್ತಿ ಬಟ್ಟೆ ಸಾಕು. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿನ ಕದಡಿ, ಬಟ್ಟೆ ಅದ್ದಿ ಹಿಂಡಿ, ಪೂರ್ತಿ ಒಣಗಿಸಬೇಕು. ಅವಸರದಲ್ಲಿ ಹಸಿ ಬಟ್ಟೆಗೇ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಒಳಗೆ ನೋಟು ಇದ್ದರೆ ಮಡಿಕೆಯಲ್ಲೇ ಅಂಟಿಕೊಂಡು, ಬಿಚ್ಚುವಾಗ ಹರಿಯುತ್ತದೆ. ಅದಕ್ಕೇ ನಾಣ್ಯ ಒಳ್ಳೆಯದು. ಒಂದು ರೂಪಾಯಿ ಆದರೂ ಸರಿ, ಹನ್ನೊಂದಾದರೂ ಸರಿ. ಜೊತೆಗೆ ಒಂದು ಚೀಟಿ: ದೇವರ ಹೆಸರು, ಸೇವೆ, ಹೇಳಿಕೊಂಡವರು, ತಾರೀಕು. ಪೆನ್ಸಿಲಿನಲ್ಲಿ ಬರೆಯಿರಿ, ತೇವ ತಗುಲಿದರೆ ಶಾಯಿ ಹರಡುತ್ತದೆ. ಒಂದೊಂದು ದೇವರಿಗೆ ಒಂದೊಂದು ಮುಡಿಪು. ಚೀಟಿ ಇಲ್ಲದ ಮೂರು ಹಳದಿ ಗಂಟುಗಳು ದೇವರ ಕೋಣೆಯ ಡಬ್ಬಿಯಲ್ಲಿ ಸಿಕ್ಕಿ, ಕಟ್ಟಿದ ಅಜ್ಜಿ ತೀರಿಹೋಗಿದ್ದರೆ, ಯಾವುದು ತಿಮ್ಮಪ್ಪನದು, ಯಾವುದು ಮಾದಪ್ಪನದು ಅಂತ ಹೇಳುವವರಿಲ್ಲ. ಅಂಥವನ್ನು ಮನೆದೇವರ ಸನ್ನಿಧಿಗೆ ಒಯ್ದು, ಕಟ್ಟಿದವರ ಹೆಸರು ಹೇಳಿ ಹುಂಡಿಗೆ ಹಾಕಿಬಿಡುವುದೇ ಸರಿ. ಒಂದು ಮಾತು: ಹಾಲಿನವನಿಗೆ ಚಿಲ್ಲರೆ ಬೇಕು ಅಂತ ಮುಡಿಪಿನ ಗಂಟಿಗೆ ಕೈ ಹಾಕಬೇಡಿ. ನಾಳೆ ಹಾಕಿದರಾಯಿತು ಅಂದುಕೊಂಡದ್ದು ಮರೆತೇ ಹೋಗುತ್ತದೆ.

ತುಲಾಭಾರ ಹೇಳಿಕೊಂಡವರು ಒಂದು ಲೆಕ್ಕ ತಿಳಿದಿರಬೇಕು. 12 ಕಿಲೋ ಮಗುವಿಗೆ ಒಂದು ರೂಪಾಯಿ ನಾಣ್ಯದಲ್ಲಿ ತೂಗುವುದಾದರೆ, 3.79 ಗ್ರಾಂ ತೂಕದ ನಾಣ್ಯ ಸುಮಾರು 3,170 ಬೇಕು. 2019ರಲ್ಲಿ ಬಂದ ಹೊಸ ಸರಣಿಯ ನಾಣ್ಯ 3.09 ಗ್ರಾಂ ಮಾತ್ರ; ಅದರಲ್ಲಾದರೆ 3,880ರ ಹತ್ತಿರ. ಎರಡೂ ಬೆರೆತಿರುವುದರಿಂದ ನೂರಿನ್ನೂರು ಹೆಚ್ಚೇ ಇಟ್ಟುಕೊಂಡು ಹೋಗಿ. ತಕ್ಕಡಿ ಏರಿದ ಮೇಲೆ ಕಡಿಮೆ ಬಿದ್ದರೆ ಅಲ್ಲಿ ಚಿಲ್ಲರೆ ಹುಡುಕುವುದು ಕಷ್ಟ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣು ಆದರೆ ನಾವೇ ತರಬೇಕೋ ಅಲ್ಲೇ ಒದಗಿಸುತ್ತಾರೋ ಅಂತ ಸೇವಾ ಕೌಂಟರಿಗೆ ಮೊದಲೇ ಫೋನು ಮಾಡಿ ಕೇಳಿ. ಮುಖ್ಯವಾಗಿ, ಮುಂದೂಡಬೇಡಿ. ಎಂಟು ಕಿಲೋ ಇದ್ದಾಗ ಹೇಳಿಕೊಂಡದ್ದನ್ನು ನಾಲ್ಕು ವರ್ಷ ಬಿಟ್ಟು ತೀರಿಸಲು ಹೋದರೆ ಮಗು ಹದಿನಾರು ಕಿಲೋ. ಹರಕೆ ಎರಡರಷ್ಟು ಬೆಳೆದಿರುತ್ತದೆ.

ಈ ಮುಂದೂಡುವ ಚಾಳಿ ಬಹಳ ಹಳೆಯದು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರ, ಮಗ ಹುಟ್ಟಿದರೆ ಅವನನ್ನೇ ನಿನಗೆ ಅರ್ಪಿಸುತ್ತೇನೆ ಅಂತ ವರುಣನಿಗೆ ಮಾತು ಕೊಟ್ಟ. ಮಗ ಹುಟ್ಟಿದ. ವರುಣ ಬಂದು ಕೇಳಿದಾಗ ಹತ್ತು ದಿನ ಕಳೆಯಲಿ ಅಂದ. ಆಮೇಲೆ ಹಲ್ಲು ಬರಲಿ, ಹಾಲುಹಲ್ಲು ಬೀಳಲಿ, ಮತ್ತೆ ಹುಟ್ಟಲಿ, ಕವಚ ತೊಡುವಷ್ಟು ದೊಡ್ಡವನಾಗಲಿ. ಕೊನೆಗೆ ಮಗ ಕಾಡು ಸೇರಿದ, ಅಪ್ಪನಿಗೆ ಹೊಟ್ಟೆ ಊದುವ ಜಲೋದರ ಬಂತು. ಸತ್ಯಕ್ಕೆ ಹೆಸರಾದ ಹರಿಶ್ಚಂದ್ರನ ಈ ಹಳೆಯ ಕಥೆ ಓದಿದಾಗ ನನಗೆ ಮುಖ್ಯ ಅನ್ನಿಸುವುದು ತಡ ಮಾಡಿದ್ದಕ್ಕಿಂತ, ಹೊರಬಾರದ ಹರಕೆಯನ್ನೇ ಅವನು ಹೊತ್ತದ್ದು. ಇನ್ನೊಂದು ಜೀವದ ಮೇಲೆ ಹರಕೆ ಹೊರುವ ಅಧಿಕಾರ ನಮಗಿಲ್ಲ.

ಅಂಥ ಹರಕೆ ಮನೆಯಲ್ಲಿ ಬಾಕಿ ಇದ್ದರೆ ತೀರಿಸಲು ಹೋಗಲೇಬೇಡಿ. ಹೆಣ್ಣುಮಗುವನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿ ರಾಜ್ಯದಲ್ಲಿ 1982ರಲ್ಲೇ ಕಾಯ್ದೆಯಾಗಿದೆ. ದೇವಸ್ಥಾನದ ಪ್ರಾಣಿಬಲಿ ತಡೆಯಲು 1959ರ ಕಾಯ್ದೆ ಇದೆ. ಕೆನ್ನೆಗೆ ಸರಳು ಚುಚ್ಚಿಕೊಳ್ಳುವ ಬಾಯಿಬೀಗದಂಥ ಆಚರಣೆ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಬರುತ್ತದೆ. ಬಲಿಯ ಬದಲು ಬೂದುಗುಂಬಳಕಾಯಿ ಒಡೆಯುವುದು ನಮ್ಮಲ್ಲಿ ಹೊಸದೇನಲ್ಲ.

ಮಾಡಬಾರದ್ದಲ್ಲ, ಆದರೆ ಮಾಡಲು ಆಗುತ್ತಿಲ್ಲ ಅನ್ನುವುದು ಬೇರೆ ಮಾತು. ದೀಡ ನಮಸ್ಕಾರ ಹೊತ್ತವರ ಮಂಡಿ ಸವೆದಿದೆ ಅಂದುಕೊಳ್ಳಿ. ಉದ್ದಕ್ಕೆ ಮಲಗಿ, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗಬೇಕು. ನೂರು ಸಲ ಎದ್ದು ಮಲಗಲು ಗಟ್ಟಿ ಮಂಡಿ ಬೇಕು. ಹಾಗಿದ್ದಾಗ ಸುಮ್ಮನೆ ಕೂರದೆ ಆ ಕ್ಷೇತ್ರದ ಅರ್ಚಕರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಬದಲಿ ಸೇವೆ ಕೇಳಿ, ತಪ್ಪಾಯಿತೆಂದು ಒಪ್ಪಿಸುವ ತಪ್ಪುಕಾಣಿಕೆ ಹಾಕಬೇಕು. ಗುಡಿಯ ಅಂಗಳದಷ್ಟೇ ಮಾಡಿ ಅನ್ನಬಹುದು, ಪ್ರದಕ್ಷಿಣೆ ಸಾಕು ಅನ್ನಬಹುದು. ಕ್ಷೇತ್ರ ಬದಲಿಸುವುದನ್ನು ಮಾತ್ರ ನಾವೇ ತೀರ್ಮಾನಿಸಬಾರದು. ‘ಕಾಸು ಬಿಡದ ತಿಮ್ಮಪ್ಪ, ಮಾತು ಬಿಡದ ಮಂಜುನಾಥ’ ಅನ್ನುತ್ತಾರೆ. ತಿರುಪತಿಯ ಮುಡಿಪನ್ನು ಧರ್ಮಸ್ಥಳದಲ್ಲಿ ಒಪ್ಪಿಸಬಹುದು, ಧರ್ಮಸ್ಥಳದ್ದನ್ನು ಅಲ್ಲೇ ಒಪ್ಪಿಸಬೇಕು ಅನ್ನುವುದು ಹಿರಿಯರ ನಂಬಿಕೆ.

ಕೆಲವು ಸೇವೆಗೆ ಸರದಿಯೇ ಉದ್ದ. ಕಟೀಲು ಮೇಳದ ಹರಕೆ ಆಟಕ್ಕೆ, ಅಂದರೆ ಹರಕೆಯಾಗಿ ಆಡಿಸುವ ಯಕ್ಷಗಾನಕ್ಕೆ, ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಬೇಗ ತೀರಬೇಕು ಅನ್ನುವವರಿಗೆ ಉಜಿರೆ ಹತ್ತಿರದ ಸುರ್ಯದ ಸದಾಶಿವ ರುದ್ರನ ಸನ್ನಿಧಿ ನೆನಪಿಸುತ್ತೇನೆ. ಅಲ್ಲಿ ಬೇಡಿಕೊಂಡದ್ದರ ಮಣ್ಣಿನ ರೂಪವನ್ನು, ಅಂದರೆ ಮನೆಯೋ ತೊಟ್ಟಿಲೋ ಕೈಯೋ ಕಾಲೋ, ಒಪ್ಪಿಸುತ್ತಾರೆ. ಮಣ್ಣಿನದೊಂದು ಪುಟ್ಟ ಕಾಲು ಸಾಕಾಗುವ ಕಡೆ ಬೆಳ್ಳಿಯದನ್ನು ಹೇಳಿಕೊಂಡು ಸಾಲ ಮಾಡಬೇಕಾಗಿಲ್ಲ.

ಸೇವೆ ಮುಗಿದ ದಿನ ಮುಡಿಪು ಬಿಚ್ಚಿ ನಾಣ್ಯ ಹುಂಡಿಗೆ ಹಾಕಿ. ಚೀಟಿಯ ಮೇಲೆ ತೀರಿಸಿದ ತಾರೀಕು ಬರೆದು, ರಸೀದಿಯ ಜೊತೆ ಇಟ್ಟುಕೊಳ್ಳಿ. ಮನೆಗೆ ಬಂದು ಪ್ರಸಾದ ಹಂಚುವಾಗ ‘ಇಂಥ ಹರಕೆ ತೀರಿತು’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿಬಿಡಿ, ಅದೇ ಹರಕೆ ಬಾಕಿ ಉಳಿದಿದೆ ಅಂತ ಮುಂದೆ ಯಾರೂ ಹೆದರಬಾರದು.