ಪ್ಲಾಟ್‌ಫಾರ್ಮ್ ಮೇಲೆ ಬಿದ್ದ ಹಗ್ಗ

ಹೋದ ತಿಂಗಳು ನನ್ನ ಮಾಡೆಲ್ ರೈಲು ಲೇಔಟ್‌ನ ಸ್ಟೇಷನ್ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದೆ. (ಲೇಔಟ್ ಅಂದರೆ ಸೈಟು ಮಾಡಿ ಮಾರುವ ಲೇಔಟ್ ಅಲ್ಲ. ಮೇಜಿನ ಮೇಲೆ ಹಳಿ, ಗುಡ್ಡ, ಸುರಂಗ ಎಲ್ಲ ಇರುವ ಪುಟ್ಟ ಊರು.) ಆ ಸ್ಟೇಷನ್‌ಗೆ ನಾಲ್ಕು ತಿಂಗಳು ಹಿಡಿದಿತ್ತು. ಕಿಟಕಿಯ ಚೌಕಟ್ಟಿಗೆ ಬಣ್ಣ ಹಚ್ಚುವಾಗ ಕೈ ನಡುಗಬಾರದು ಅಂತ ಉಸಿರು ಬಿಗಿಹಿಡಿದು ಕೂತಿದ್ದೇನೆ. ಈಗ ಹೊಗಳ್ತಾರೆ, ಆಗ ಹೊಗಳ್ತಾರೆ ಅಂತ ಕಾದೆ. ಬಂದದ್ದು ಒಬ್ಬ ಗೆಳೆಯನ ಒಂದೇ ಸಾಲು: "ಪ್ಲಾಟ್‌ಫಾರ್ಮ್ ಮೇಲೆ ಯಾಕೆ ಹಗ್ಗ ಬಿದ್ದಿದೆ?"

ಹಗ್ಗ ಅಲ್ಲ, ನನ್ನ ತಲೆಗೂದಲು.

ನನ್ನದು ಎಚ್‌ಒ ಸ್ಕೇಲ್. ನಿಜದಲ್ಲಿ 87 ಇದ್ದದ್ದು ಇಲ್ಲಿ 1. ಹಾಗಾಗಿ 5 ಸೆಂಟಿಮೀಟರ್ ಉದ್ದದ ಕೂದಲು ಈ ಊರಿನವರ ಲೆಕ್ಕದಲ್ಲಿ 4 ಮೀಟರಿಗೂ ಜಾಸ್ತಿ. ದಪ್ಪ ಸುಮಾರು 6 ಮಿಲಿಮೀಟರ್. ಬಟ್ಟೆ ಒಣಗಿಸಲು ಕಟ್ಟುವ ಹಗ್ಗ ಅಷ್ಟೇ ದಪ್ಪ ಇರುತ್ತದಲ್ವಾ? ಅವನು ತಪ್ಪೇನೂ ಹೇಳಿರಲಿಲ್ಲ.

ದಿನಾ ಅದೇ ಸ್ಟೇಷನ್ ಮುಂದೆ ಕೂರುತ್ತೇನೆ, ಒಂದು ಸಲವೂ ಆ ಕೂದಲು ಕಂಡಿರಲಿಲ್ಲ. ನಾವು ಮಾಡಿದ್ದನ್ನು ನಾವೇ ನೋಡುವಾಗ ಕಣ್ಣು ಬೇಕಾದ್ದನ್ನು ಮಾತ್ರ ನೋಡುತ್ತದೆ. ಫೋಟೋದಲ್ಲಿ ಎಲ್ಲ ಸಿಕ್ಕಿಬೀಳುತ್ತದೆ. ಹಳಿ ಕೂಡುವಲ್ಲಿ ಸಂದು, ನೆಲಕ್ಕೆ ಕಾಲೂರದೆ ಗಾಳಿಯಲ್ಲಿ ನಿಂತ ಪ್ರಯಾಣಿಕ, ಜಲ್ಲಿ ಮಧ್ಯೆ ಫಳಫಳ ಹೊಳೆಯುವ ಅಂಟು. ಆ ಅಂಟಿನ ಕಥೆಯೂ ಫೋಟೋದಿಂದಲೇ ಗೊತ್ತಾಗಿದ್ದು. ಹಳಿಯ ಜಲ್ಲಿ ಕೂರಿಸಲು ಬಿಳಿ ಅಂಟಿಗೆ ನೀರು ಬೆರೆಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಬೇಕು. ಆ ಒಂದು ಹನಿ ಮರೆತರೆ ಅಂಟು ಒಳಗೆ ಇಳಿಯುವುದಿಲ್ಲ, ಕಲ್ಲುಗಳ ಮೇಲೇ ಗುಂಡಗೆ ನಿಲ್ಲುತ್ತದೆ. ನಾನು ಮರೆತಿದ್ದೆ. ಮೂರು ಅಡಿ ಹಳಿಯ ಜಲ್ಲಿಯನ್ನು ಮತ್ತೆ ಕೆರೆದು ತೆಗೆದೆ.

ಹೊಸದಾಗಿ ಲೇಔಟ್ ಮಾಡಿದವರು ಕಳಿಸುವ ಫೋಟೋಗಳು ಹೆಚ್ಚಾಗಿ ನಿಂತಲ್ಲಿಂದಲೇ, ಮೇಲಿಂದ ತೆಗೆದವು. ನಾನೂ ಹಾಗೇ ತೆಗೆಯುತ್ತಿದ್ದೆ. ಹೆಲಿಕಾಪ್ಟರ್‌ನಿಂದ ಊರು ನೋಡಿದ ಹಾಗಿರುತ್ತದೆ ಅಷ್ಟೇ. 1.7 ಮೀಟರ್ ಎತ್ತರದ ಮನುಷ್ಯ ನಮ್ಮ ಸ್ಕೇಲ್‌ನಲ್ಲಿ 2 ಸೆಂಟಿಮೀಟರ್ ಕೂಡ ಇರುವುದಿಲ್ಲ. ಲೆನ್ಸ್ ಅವನ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಫೋನನ್ನು ತಲೆಕೆಳಗೆ ಹಿಡಿದರೆ ಲೆನ್ಸ್ ಹಳಿಯ ಪಕ್ಕಕ್ಕೇ ಬಂದುಬಿಡುತ್ತದೆ. ಇಷ್ಟು ಸುಲಭದ ಉಪಾಯ ನನಗೆ ಎರಡು ವರ್ಷ ಹೊಳೆದಿರಲಿಲ್ಲ. ಮೊದಲ ಸಲ ಹಾಗೆ ತೆಗೆದಾಗ ನನ್ನದೇ ಎಂಜಿನ್ ನೋಡಿ ದಾರಿ ಬಿಡಬೇಕು ಅನ್ನಿಸಿತು.

ಆದರೆ ಅಷ್ಟು ಹತ್ತಿರ ಹೋದರೆ ಫೋಕಸ್ ಕೈಕೊಡುತ್ತದೆ. ಎಂಜಿನ್ನಿನ ಮುಂಭಾಗ ಚೊಕ್ಕಟ, ಎರಡನೇ ಬೋಗಿ ಆಗಲೇ ಮಸುಕು. ನಿಜವಾದ ರೈಲನ್ನು ದೂರ ನಿಂತು ತೆಗೆಯುತ್ತೇವೆ, ಹಾಗಾಗಿ ಅಲ್ಲಿ ಪೂರ್ತಿ ಗಾಡಿ ಸ್ಪಷ್ಟವಾಗಿ ಬರುತ್ತದೆ. ಈ ಮಸುಕು ಕಂಡ ಕೂಡಲೇ ನೋಡುವವರಿಗೆ ಇದು ಆಟಿಕೆ ಅಂತ ಗೊತ್ತಾಗಿಬಿಡುತ್ತದೆ. ಅದಕ್ಕೆ ಫೋಕಸ್ ಸ್ಟ್ಯಾಕಿಂಗ್ ಮಾಡುತ್ತೇವೆ. ಕ್ಯಾಮೆರಾ ಅಲುಗಿಸದೆ, ಫೋಕಸ್ ಮಾತ್ರ ಮುಂದಿನಿಂದ ಹಿಂದಕ್ಕೆ ಸರಿಸುತ್ತಾ ಹತ್ತು ಹನ್ನೆರಡು ಫೋಟೋ ತೆಗೆಯುವುದು. ಆಮೇಲೆ ಸಾಫ್ಟ್‌ವೇರ್ ಒಂದೊಂದರಲ್ಲೂ ಸ್ಪಷ್ಟವಾಗಿರುವ ಭಾಗ ಆರಿಸಿ ಒಂದೇ ಚಿತ್ರ ಮಾಡುತ್ತದೆ. ಫ್ಯಾನ್ ಆಫ್ ಮಾಡುವುದು ಮರೆಯಬೇಡಿ. ನಾನು ಮರೆತು ತೆಗೆದ ಒಂದು ಫೋಟೋದಲ್ಲಿ ಸ್ಟೇಷನ್ ಕಂಬಕ್ಕೆ ಮೂರು ಬಾವುಟ ಇವೆ.

ಬೆಳಕಿನ ಬಗ್ಗೆ ಒಂದೇ ಮಾತು. ದೀಪ ಎರಡಿದ್ದರೆ ನೆರಳೂ ಎರಡು, ಅಂದರೆ ನಿಮ್ಮ ಊರಿಗೆ ಇಬ್ಬರು ಸೂರ್ಯರು. ಚಿಮಣಿಯ ನೆರಳು ಆಕಾಶದ ಮೇಲೆ ಬಿದ್ದ ಫೋಟೋವನ್ನಂತೂ ಯಾರಿಗೂ ಕಳಿಸಬೇಡಿ.

ಇನ್ನು ತಿರುವು. ಇದು ನಾವೆಲ್ಲ ಸೇರಿ ಹೇಳುವ ಸುಳ್ಳು. ನಿಜವಾದ ಹಳಿಯಲ್ಲಿ 300 ಮೀಟರ್ ತ್ರಿಜ್ಯದ ತಿರುವು ಅಂದರೇ ಚಿಕ್ಕದು. ಅದನ್ನು ನಮ್ಮ ಅಳತೆಗೆ ಇಳಿಸಿದರೂ ಸುಮಾರು ಮೂರೂವರೆ ಮೀಟರ್ ಬೇಕು. ನನ್ನ ಮೇಜಿನ ಮೇಲಿರುವುದು 45 ಸೆಂಟಿಮೀಟರ್! ಉದ್ದನೆಯ ಬೋಗಿ ಅಲ್ಲಿ ತಿರುಗುವಾಗ ಎರಡೂ ತುದಿ ಹಳಿಯಿಂದಾಚೆ ಚಾಚಿಕೊಳ್ಳುತ್ತವೆ. ತಿರುವಿನ ಒಳಗಡೆ ಕ್ಯಾಮೆರಾ ಇಟ್ಟರೆ ಇದು ಅಷ್ಟಾಗಿ ಕಾಣುವುದಿಲ್ಲ. ಯಾರದಾದರೂ ಫೋಟೋ ಒಳಗಡೆಯಿಂದಲೇ ತೆಗೆದದ್ದಾಗಿದ್ದರೆ ಅವರ ಮೇಜೂ ಚಿಕ್ಕದು ಅಂತ ನನಗೆ ಒಳಗೊಳಗೇ ಸಮಾಧಾನ.

ಹಗ್ಗ ಕಂಡುಹಿಡಿದವನ ಲೇಔಟ್ ಬಗ್ಗೆ ಹೇಳಬೇಕು. ಮೂರು ವರ್ಷದಿಂದ ಅವನು ಬರೀ ಪ್ಲೈವುಡ್ ಫೋಟೋ ಕಳಿಸುತ್ತಿದ್ದಾನೆ. ಒಂದು ಗುಡ್ಡ ಇಲ್ಲ, ಮರ ಇಲ್ಲ. ಪೆನ್ಸಿಲ್ ಗೀಟು, ಹಳಿ, ಮೇಜಿನ ಅಡಿಯ ವೈರುಗಳು. ಪ್ರತಿ ವೈರಿಗೂ ಚೀಟಿ ಅಂಟಿಸಿದ್ದಾನೆ. ಅವನ ಗಾಡಿ ಒಮ್ಮೆಯೂ ಹಳಿ ತಪ್ಪುವುದಿಲ್ಲ. ನಿಜ ಹೇಳಬೇಕಂದರೆ ಎಲ್ಲರ ಸೂರ್ಯಾಸ್ತ, ಹೊಗೆ, ಮಂಜಿಗಿಂತ ನಾನು ಜಾಸ್ತಿ ಹೊತ್ತು ನೋಡುವುದು ಅವನ ಫೋಟೋಗಳನ್ನೇ. ನನ್ನ ಮೇಜಿನ ಅಡಿಯ ಫೋಟೋ ಮಾತ್ರ ಯಾರೂ ಕೇಳಬೇಡಿ.

ಈ ಫೋಟೋ ಹುಚ್ಚಿಗೆ ಒಬ್ಬ ಹಿರಿಯಣ್ಣ ಇದ್ದಾರೆ, ಅಮೆರಿಕದ ಜಾನ್ ಅಲೆನ್. ಹೊಟ್ಟೆಪಾಡಿಗೆ ಫೋಟೋಗ್ರಾಫರ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಸೂರಿನವರೆಗೆ ಬೆಟ್ಟ ಕಟ್ಟಿ ಎಚ್‌ಒ ರೈಲು ಓಡಿಸಿದರು. ಅಲ್ಲಲ್ಲಿ ಕನ್ನಡಿ ಇಟ್ಟು ಜಾಗ ದೊಡ್ಡದಾಗಿ ಕಾಣುವಂತೆ ಮಾಡಿದ್ದರು. ವ್ಯಾಗನ್ ತಳ್ಳುವುದಕ್ಕೆ ಎಂಜಿನ್ ಬದಲು ಒಂದು ಡೈನೋಸಾರ್ ಕೂಡ ಇಟ್ಟಿದ್ದರು. ಅಷ್ಟು ಶ್ರದ್ಧೆಯ ಮನುಷ್ಯನಿಗೆ ಇಂಥ ತುಂಟತನ ಇತ್ತಲ್ಲ ಅಂತ ಖುಷಿಯಾಗುತ್ತದೆ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಕ್ಕೆ ಬೆಂಕಿ ಬಿದ್ದು ಲೇಔಟ್ ಸುಟ್ಟುಹೋಯಿತು. ನಾನು ನೋಡಿರುವುದೆಲ್ಲ ಫೋಟೋದಲ್ಲೇ.

ಅವರನ್ನು ನೋಡಿ ನಾನೂ ನಿನ್ನೆ, ಬೋಗಿಗಳನ್ನು ನಿಲ್ಲಿಸುವ ಯಾರ್ಡಿನ ಕೊನೆಯಲ್ಲಿ ಒಂದು ಕನ್ನಡಿ ನಿಲ್ಲಿಸಿದೆ. ಎರಡು ಅಡಿಯ ಯಾರ್ಡ್ ನಾಲ್ಕು ಅಡಿ ಆಯಿತು. ಕನ್ನಡಿಯಲ್ಲಿ ಅಕ್ಷರ ತಿರುಗಿ ಕಾಣುತ್ತವೆ ಅಂತ ಬೋರ್ಡುಗಳನ್ನೆಲ್ಲ ಕಿತ್ತಿಟ್ಟೆ. ಫೋನು ಅದರಲ್ಲಿ ಬೀಳದ ಹಾಗೆ ಓರೆ ಮಾಡಿದೆ. ದೀಪ ಒಂದೇ, ಫ್ಯಾನ್ ಆಫ್. ಸಣ್ಣ ಕುಂಚ ಹಿಡಿದು ಧೂಳು, ಕೂದಲು ಎಲ್ಲ ಎರಡೆರಡು ಸಲ ಗುಡಿಸಿದೆ. ಫೋಟೋ ತೆಗೆದು ಕಳಿಸಿದೆ.

ಎರಡೇ ನಿಮಿಷಕ್ಕೆ ಆ ಹಗ್ಗದ ಗೆಳೆಯನ ಉತ್ತರ ಬಂತು: "ಯಾರ್ಡ್ ಚೆನ್ನಾಗಿದೆ. ಹಿಂದೆ ಕಾಣೋ ಗುಡ್ಡ ಹೊಸದಾ?"

ಗುಡ್ಡ ಅಲ್ಲ, ನನ್ನ ಮೂಗು.