ಗೋಡೆಯ ಕೆಳಗಿದ್ದ ಕಕ್ಕಸುಗುಂಡಿ

ಅಮೆರಿಕದ ಫಿಲಡೆಲ್ಫಿಯಾದ ಕೆನ್ಸಿಂಗ್ಟನ್ ಹಿತ್ತಿಲಿನ ಗುಂಡಿ ಕೊನೆಗೂ ಸಿಕ್ಕಿತು! ಚರಂಡಿ ಬರುವ ಮೊದಲಿನ ಕಕ್ಕಸುಗುಂಡಿಗಳನ್ನು ಹುಡುಕಿ, ಅವುಗಳೊಳಗೆ ಎಸೆದ ಹಳೆಯ ಬಾಟಲಿಗಳನ್ನು ಅಗೆದು ತೆಗೆಯುವ ಹವ್ಯಾಸ ನಮ್ಮದು. ಎರಡು ಮನೆಗಳ ಹಿತ್ತಿಲನ್ನು ಬೇರ್ಪಡಿಸುವ ಇಟ್ಟಿಗೆ ಗೋಡೆಯ ನೇರ ಕೆಳಗೆ ಅದು ಅಡಗಿತ್ತು. ಮಾಲೀಕರ ಅನುಮತಿ ಪತ್ರ, 811ಕ್ಕೆ ಕರೆ ಮಾಡಿ ಗ್ಯಾಸ್ ಮತ್ತು ನೀರಿನ ಕೊಳವೆಗಳಿಗೆ ಗುರುತು ಹಾಕಿಸಿದ್ದು, ಮಣ್ಣು ಸುರಿಯಲು ಟಾರ್ಪಾಲು ಹಾಸಿದ್ದು, ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ. ಆ ಭಾಗವನ್ನು ಬಿಟ್ಟು, ಇಷ್ಟು ದಿನ ನಮ್ಮನ್ನು ಕಾಡಿದ ಒಂದೇ ಪ್ರಶ್ನೆಯ ಬಗ್ಗೆ ಬರೆಯುತ್ತೇನೆ: ಹದಿನಾಲ್ಕು ಅಡಿ ಅಗಲದ ಹಿತ್ತಿಲಿನಲ್ಲಿ ಐದಡಿ ವ್ಯಾಸದ, ಬಾವಿಯ ಹಾಗೆ ಇಟ್ಟಿಗೆ ಕಟ್ಟಿದ ಒಂದು ಕಕ್ಕಸುಗುಂಡಿ ಹೇಗೆ ಮಾಯವಾಗುತ್ತದೆ?

ನಾವು ಹೊರಟದ್ದು 1895ರ ಬ್ರೋಮ್ಲಿ ನಕ್ಷೆಯಿಂದ, ಅಂದರೆ ಪ್ರತಿ ಕಟ್ಟಡವನ್ನೂ ಬಣ್ಣದಲ್ಲಿ ತೋರಿಸುವ ನಗರ ನಕ್ಷೆಯಿಂದ. ಹಿತ್ತಿಲಿನ ಹಿಂಬದಿಯ ಎಡಮೂಲೆಯಲ್ಲಿ ಹಳದಿ ಬಣ್ಣದ ಒಂದು ಪುಟ್ಟ ಚೌಕವಿತ್ತು. ಗುಲಾಬಿ ಎಂದರೆ ಇಟ್ಟಿಗೆ, ಹಳದಿ ಎಂದರೆ ಮರ. ಹಿತ್ತಿಲಿನ ಮೂಲೆಯಲ್ಲಿ ಮರದ ಪುಟ್ಟ ಕಟ್ಟಡ ಕಂಡರೆ ನಮ್ಮಂಥವರ ಕೈ ಮಣ್ಣನ್ನು ಚುಚ್ಚಿ ನೋಡುವ ಸಲಾಕೆಯ ಕಡೆಗೇ ಹೋಗುತ್ತದೆ. ಅಲ್ಲಿ ಚುಚ್ಚಿ ನೋಡಿದರೆ ಎರಡಡಿ ಆಳದಲ್ಲೇ ಬಿಗಿಯಾದ ಹಳದಿ ಜೇಡಿ. ಮನುಷ್ಯರ ಕೈ ಸೋಕದ ಮಣ್ಣು ಅದು. ಸಲಾಕೆಯ ತುದಿಗೆ ಮೇಣದ ಹಾಗೆ ಅಂಟಿಕೊಂಡು ಬಂತು. ಚೌಕದ ಅಂಚಿನಲ್ಲಿ ಅಗೆದಾಗ ಉಪ್ಪಿನ ಹೊಳಪು ಕೊಟ್ಟ ಮಣ್ಣಿನ ಕೊಳವೆಯೊಂದು ಎದುರಾಯಿತು. ಅದು ಹೊರಟಿದ್ದುದು ಬೀದಿಯ ಚರಂಡಿಯ ಕಡೆಗೆ.

ಕೊಳವೆ ಸಿಕ್ಕಿದಾಗ ಜೊತೆಗಾರ ಬೇಸರಪಟ್ಟ. ನನಗೆ ಮಾತ್ರ ಅದು ಒಳ್ಳೆಯ ಸುದ್ದಿ. 1895ರ ಹೊತ್ತಿಗೆ ಈ ಮನೆಗೆ ಚರಂಡಿ ಸಂಪರ್ಕ ಬಂದಿತ್ತು, ನಕ್ಷೆಯ ಹಳದಿ ಚೌಕ ಆ ಹೊಸ ವ್ಯವಸ್ಥೆಯದು ಎಂದು ಕೊಳವೆ ಹೇಳುತ್ತಿತ್ತು. ಮನೆ ಕಟ್ಟಿದ್ದು 1840ರ ದಶಕದಲ್ಲಿ, ಕೆನ್ಸಿಂಗ್ಟನ್ ಇನ್ನೂ ಪ್ರತ್ಯೇಕ ಊರಾಗಿದ್ದಾಗ. ಅದು ಫಿಲಡೆಲ್ಫಿಯಾ ನಗರಕ್ಕೆ ಸೇರಿದ್ದು 1854ರಲ್ಲಿ. ಚರಂಡಿ ಬರುವ ಮೊದಲಿನ ಅಷ್ಟೂ ವರ್ಷ ಆ ಮನೆಯವರು ಬಳಸಿದ ಗುಂಡಿ ಇದೇ ಹಿತ್ತಿಲಿನಲ್ಲಿ ಎಲ್ಲೋ ಇರಲೇಬೇಕು. ಮುಚ್ಚಿರಬಹುದು, ಓಡಿಹೋಗಿರಲಾರದು.

ಆಮೇಲೆ ಇಡೀ ಹಿತ್ತಿಲನ್ನು ಒಂದೊಂದು ಅಡಿಗೆ ಚುಚ್ಚಿದೆವು. ಎಲ್ಲ ಕಡೆಯೂ ಒಡೆದ ಇಟ್ಟಿಗೆಯ ಪದರ, ಪ್ರತಿ ಚುಚ್ಚಿಗೂ ಠಣ್ ಎಂಬ ಸದ್ದು. ಸಲಾಕೆ ಮಾರಿದವರ ಬಗ್ಗೆ ಇಲ್ಲಿ ಹೇಳಲೇಬೇಕು. ಸ್ಪ್ರಿಂಗ್ ಸ್ಟೀಲ್ ಎಂದು ಹೇಳಿ, ಅದಕ್ಕೆ ತಕ್ಕ ಬೆಲೆ ತೆಗೆದುಕೊಂಡು ಕಳಿಸಿದ ಸರಳು ಮೂರನೆಯ ಇಟ್ಟಿಗೆಗೇ ಬಾಗಿ ನಿಂತಿತು. ನಿಜವಾದ ಸ್ಪ್ರಿಂಗ್ ಸ್ಟೀಲ್ ಬಾಗಿದರೂ ಬಿಟ್ಟ ಕೂಡಲೇ ನೇರವಾಗುತ್ತದೆ. ತುದಿಯ ಗುಂಡನ್ನು ಬೆಸೆದ ರೀತಿಯಂತೂ ಇನ್ನೂ ಕೆಟ್ಟದ್ದು. ಆ ಗುಂಡು ಕಳಚಿ ಈಗಲೂ ಆ ಹಿತ್ತಿಲಿನ ಮಣ್ಣಿನಲ್ಲೇ ಇದೆ. ತುದಿಯ ಗುಂಡು ಸರಳಿಗಿಂತ ತುಸು ದಪ್ಪವಾಗಿರಬೇಕು, ಆಗ ಮಾತ್ರ ಮಣ್ಣು ಸರಳಿನ ಮೈಯನ್ನು ಹಿಡಿಯುವುದಿಲ್ಲ, ಕೆಳಗಿನದು ಬೂದಿಯೋ ಗಾಜೋ ಮರವೋ ಎಂದು ಕೈಗೆ ತಿಳಿಯುತ್ತದೆ. ಈ ಉಪಕರಣದಲ್ಲಿ ಇರುವುದೇ ಅದೊಂದು ಗುಟ್ಟು. ಅದನ್ನೇ ಸರಿಯಾಗಿ ಮಾಡದವರಿಗೆ ಹಣ ಹಿಂದಿರುಗಿಸಲೂ ಮನಸ್ಸಿಲ್ಲ.

ಮಳೆಯ ದಿನಗಳಲ್ಲಿ ಹಳೆಯ ನಕ್ಷೆಗಳ ಮುಂದೆ ಕುಳಿತೆ. ಹೆಕ್ಸಾಮರ್ ಮತ್ತು ಲೋಚರ್ 1858ರಿಂದ 1860ರ ನಡುವೆ ತಂದ ನಕ್ಷೆಗಳು ಫಿಲಡೆಲ್ಫಿಯಾದಲ್ಲಿ ಅಗೆಯುವವರಿಗೆ ವರದಾನ. ಅದರಲ್ಲಿ ನಮ್ಮ ಮನೆ ಮತ್ತು ಪಕ್ಕದ ಮನೆ ಒಂದೇ ಅಳತೆಯ ಜೋಡಿ ಮನೆಗಳು, ಒಂದು ಇನ್ನೊಂದರ ಪ್ರತಿಬಿಂಬ. ಎರಡರ ಅಡುಗೆಮನೆಗಳೂ ನಡುಗೋಡೆಯಿಂದ ದೂರ ಸರಿದು, ಹಿತ್ತಿಲುಗಳು ಒಂದಕ್ಕೊಂದು ಮುಖ ಮಾಡಿವೆ. ಕ್ರಯಪತ್ರಗಳನ್ನು ತೆಗೆದು ನೋಡಿದರೆ ಎರಡನ್ನೂ ಕಟ್ಟಿದವನು ಒಬ್ಬನೇ ಬಡಗಿ, ಹಿಂದಿನ ಓಣಿಯ ಬಳಕೆ ಇಬ್ಬರಿಗೂ ಸಮಾನ ಎಂಬ ಷರತ್ತೂ ಇತ್ತು. ಒಂದೇ ಕೈ ಕಟ್ಟಿದ ಎರಡು ಮನೆಗಳಿಗೆ ಎರಡು ಬಾವಿ ಏಕೆ ತೋಡಿಸಬೇಕು? ಇಟ್ಟಿಗೆಗೂ ಕೂಲಿಗೂ ಅರ್ಧ ಖರ್ಚಿನಲ್ಲಿ ಒಂದೇ ಬಾವಿಯ ಮೇಲೆ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಕಕ್ಕಸು ಕಟ್ಟಬಹುದಲ್ಲ! ಹಾಗಿದ್ದರೆ ಬಾವಿ ಗಡಿಯ ಮೇಲೇ ಇರಬೇಕು. ಆದರೆ ಗಡಿಯ ಉದ್ದಕ್ಕೂ ಈಗ ನಾಲ್ಕಡಿ ಎತ್ತರದ ಗೋಡೆ, ಅದರ ಬುಡದ ಎರಡೂ ಬದಿಗೆ ಕಲ್ಲಿನ ತಳಪಾಯ. ಸಲಾಕೆ ಅಲ್ಲಿ ಒಂದಡಿಯೂ ಇಳಿಯುವುದಿಲ್ಲ.

ಗಂಟು ಬಿಡಿಸಿದವನು ನನ್ನ ಜೊತೆಗಾರ. ನದಿಯಾಚೆ ನ್ಯೂಜೆರ್ಸಿಯಲ್ಲಿರುವ, ಚಿತ್ರದುರ್ಗದ ಕಡೆಯ ಈ ಹುಡುಗನ ತಂದೆ ಗಾರೆ ಕೆಲಸದವರು. ಚಹಾ ಕುಡಿಯುತ್ತ ಗೋಡೆಯನ್ನೇ ನೋಡುತ್ತಿದ್ದವನು, “ಅಕ್ಕಾ, ಈ ಗೋಡೆ ಇಲ್ಲಿ ಕುಳಿತಿದೆ ನೋಡಿ” ಎಂದ. ನನಗೆ ಏನೂ ಕಾಣಲಿಲ್ಲ. ಅವನು ದಾರ ತಂದು, ಕೆಳಗಿನಿಂದ ಆರನೆಯ ವರಸೆಯ ಎರಡು ತುದಿಗೆ ಬಿಗಿದು ಕಟ್ಟಿ, ರಸಮಟ್ಟ ಹಿಡಿದ. ದಾರ ನೇರ ನಿಂತಿತು. ಇಟ್ಟಿಗೆಯ ವರಸೆ ಮಾತ್ರ ಓಣಿಯಿಂದ ಹತ್ತಡಿ ದೂರದಲ್ಲಿ ಮೆಲ್ಲಗೆ ಕೆಳಗಿಳಿದು, ಐದಾರು ಅಡಿ ಸಾಗಿ, ಮತ್ತೆ ಮೇಲೇರುತ್ತಿತ್ತು. ನಡುವೆ ಎರಡು ಅಂಗುಲಕ್ಕೂ ಹೆಚ್ಚು ಅಂತರ. ಮೇಲಿನ ಎರಡು ವರಸೆಗಳನ್ನು ಯಾರೋ ಸಿಮೆಂಟಿನಿಂದ ಸಮ ಮಾಡಿ ಮುಚ್ಚಿದ್ದರಿಂದ ಬರಿಗಣ್ಣಿಗೆ ಗೋಡೆ ನೆಟ್ಟಗೇ ಇತ್ತು.

ಕಾರಣ ಯೋಚಿಸಿದಷ್ಟೂ ಸೊಗಸು. ಚರಂಡಿ ಬಂದ ಮೇಲೆ ಬಾವಿಯನ್ನು ಬೂದಿ, ಕಸ, ಮಣ್ಣು ಹಾಕಿ ತುಂಬಿದರು. ಮನೆಗಳು ಬೇರೆ ಬೇರೆ ಒಡೆಯರ ಪಾಲಾದಾಗ ಗಡಿಗೆ ಗೋಡೆ ಎದ್ದಿತು, ಕೆಳಗೆ ಏನಿದೆ ಎಂದು ಯಾರೂ ಕೇಳಲಿಲ್ಲ. ಒಳಗಿನ ಕಸ ವರ್ಷಗಟ್ಟಲೆ ಕೊಳೆತು ಕುಗ್ಗಿದಂತೆ ಮೇಲಿನ ಗೋಡೆ ಅದರೊಂದಿಗೆ ಇಳಿಯಿತು. ಎರಡೂ ಬದಿಯ ಗಟ್ಟಿ ಜೇಡಿಯ ಮೇಲಿದ್ದ ಭಾಗ ಇದ್ದಲ್ಲೇ ಇತ್ತು. ಗುಂಡಿಯ ವ್ಯಾಸವನ್ನು ಗೋಡೆಯೇ ಅಳೆದು ಇಟ್ಟಿತ್ತು!

ಸಲಾಕೆಯನ್ನು ತಳಪಾಯದ ಆಚೆಯಿಂದ ಓರೆಯಾಗಿ ಗೋಡೆಯ ಕೆಳಕ್ಕೆ ನುಗ್ಗಿಸಿದೆವು. ಮೊದಲು ಒಂದಷ್ಟು ತಡೆ, ಆಮೇಲೆ ಇದ್ದಕ್ಕಿದ್ದಂತೆ ಕೈಯ ಭಾರಕ್ಕೇ ಸರಳು ಕರಕರ ಎನ್ನುತ್ತ ಇಳಿಯಿತು. ಹೊರಗೆಳೆದಾಗ ತುದಿಯಲ್ಲಿ ಕಲ್ಲಿದ್ದಲ ಬೂದಿ. ಆ ಕರಕರ ಸದ್ದು ಕೇಳಿದವರಿಗೆ ನನ್ನ ಸಂತೋಷವನ್ನು ವಿವರಿಸಬೇಕಾಗಿಲ್ಲ.

ಇನ್ನು ಗೋಡೆ. ಅದರ ಅಡಿಯಲ್ಲಿ ಬಿಲ ಕೊರೆದು ಇಳಿಯುವ ಮಾತನ್ನು ನಾನು ಯಾರಿಂದಲೂ ಕೇಳಬಯಸುವುದಿಲ್ಲ. ಒಂದು ಘನ ಅಡಿ ಮಣ್ಣಿನ ತೂಕವೇ 45 ಕಿಲೋದಷ್ಟು. ಅದರ ಮೇಲೆ ಗೋಡೆ ಬೇರೆ. ಪಕ್ಕದ ಮನೆಯಾಕೆ ಶಾಲಾ ಶಿಕ್ಷಕಿ. ಅವರಿಗೆ ನಕ್ಷೆ, ದಾರ, ರಸಮಟ್ಟ ಎಲ್ಲವನ್ನೂ ತೋರಿಸಿದೆವು. ಕುಳಿತ ಭಾಗವನ್ನು ನಾವೇ ಬಿಚ್ಚಿ, ಗುಂಡಿಯನ್ನು ಕುಟ್ಟಿ ತುಂಬಿ, ಮತ್ತೆ ನೆಟ್ಟಗೆ ಕಟ್ಟಿಕೊಡುವುದು, ಸಿಕ್ಕಿದ್ದರಲ್ಲಿ ಎರಡೂ ಮನೆಯವರಿಗೆ ಪಾಲು ಎಂಬ ಒಪ್ಪಂದವಾಯಿತು. ಹಳೆಯದು ಸುಣ್ಣದ ಗಾರೆಯಾದ್ದರಿಂದ ಕರಣೆಯ ಬೆನ್ನಿನಿಂದ ತಟ್ಟಿದರೆ ಇಟ್ಟಿಗೆ ಬಿಡಿಬಿಡಿಯಾಗಿ ಬಂತು. ಸಿಮೆಂಟ್ ಮೆತ್ತಿದ ಮೇಲಿನ ವರಸೆಗಳಲ್ಲಿ ಅರ್ಧಕ್ಕರ್ಧ ಇಟ್ಟಿಗೆ ಒಡೆದವು. ಹಳೆಯ ಇಟ್ಟಿಗೆಗೆ ಸಿಮೆಂಟ್ ಹಚ್ಚುವವರ ಮೇಲೆ ನನಗಿರುವ ಸಿಟ್ಟು ಇನ್ನಷ್ಟು ಹೆಚ್ಚಿತು.

ಬಾವಿ ಗಾರೆಯಿಲ್ಲದೆ ಜೋಡಿಸಿದ ಇಟ್ಟಿಗೆಯದು, ವೃತ್ತ ಎಲ್ಲೂ ಮುರಿದಿರಲಿಲ್ಲ. ಮುಕ್ಕಾಲಿ, ರಾಟೆ, ಹೆಲ್ಮೆಟ್, ಮೇಲೆ ಯಾವಾಗಲೂ ಒಬ್ಬರು. ಕೆಳಗಿಳಿದಂತೆ ಪ್ರತಿ ಸುತ್ತಿನ ಇಟ್ಟಿಗೆಯನ್ನೂ ಪರೀಕ್ಷಿಸುತ್ತಿದ್ದೆವು. ಮೊದಲು ಇಟ್ಟಿಗೆ ಚೂರು, ಆಮೇಲೆ ಆಳವಾದ ಬೂದಿಯ ಪದರ. ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯ ಇಲಿ ನಮಗೆ ಇಲ್ಲೇ ಸಿಕ್ಕಿತು, ಪೂರ್ತಿ ಎಲುಬಿನ ಗೂಡು ಸಮೇತ. ಜೊತೆಗಾರ ಅದನ್ನು ಕೈಯಲ್ಲಿ ಹಿಡಿದು, “ಇನ್ನು ಮನೆಗೆ ಹೋಗಬಹುದು” ಎಂದು ನಕ್ಕಿದ್ದೇ ನಕ್ಕಿದ್ದು.

ಬೂದಿಯಲ್ಲಿ ಹಚಿನ್ಸನ್ ಸೋಡಾ ಬಾಟಲಿಗಳಿದ್ದವು, ಎರಡರಲ್ಲಿ ಮುಚ್ಚಳದ ತಂತಿಯ ಕುಣಿಕೆ ಇನ್ನೂ ಒಳಗೇ. ಆ ಮುಚ್ಚಳಕ್ಕೆ ಶಿಕಾಗೋದ ಹಚಿನ್ಸನ್ ಪೇಟೆಂಟ್ ಪಡೆದದ್ದು 1879ರಲ್ಲಿ. ಅದಕ್ಕೂ ಮೊದಲೇ, 1870ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ಹೈರಮ್ ಕಾಡ್ ಕುತ್ತಿಗೆಯಲ್ಲಿ ಗೋಲಿ ಕೂರಿಸಿದ ಬಾಟಲಿ ತಂದಿದ್ದ. ನಮ್ಮ ಗೋಲಿ ಸೋಡಾ! ನನ್ನ ಮುಂದಿನ ಕೆಲಸ ಅದೇ. ರಜೆಗೆ ಊರಿಗೆ ಬಂದಾಗ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಉಳಿದಿರುವ ಗೋಲಿ ಸೋಡಾ ಬಾಟಲಿಗಳ ಮೇಲಿನ ಉಬ್ಬಕ್ಷರಗಳನ್ನು ಒಂದೊಂದಾಗಿ ಚಿತ್ರ ತೆಗೆದು, ಯಾವ ಊರಿನ ಯಾವ ಸೋಡಾ ಕಾರ್ಖಾನೆ ಎಂದು ಪಟ್ಟಿ ಮಾಡಬೇಕು. ಅಲ್ಲಿ ಅಗೆಯುವ ಪ್ರಶ್ನೆಯೇ ಇಲ್ಲ. ನೂರು ವರ್ಷ ದಾಟಿದ ವಸ್ತುಗಳಿಗೆ ಭಾರತದಲ್ಲಿ 1972ರ ಪ್ರಾಚ್ಯವಸ್ತು ಕಾಯ್ದೆ ಇದೆ, ಇರಲೂಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಹೆಸರಿರುವ ಬಾಟಲಿ ಇದ್ದರೆ ದಯವಿಟ್ಟು ಚಿತ್ರ ಕಳಿಸಿ, ಕುತ್ತಿಗೆಯ ಹಿಂಡಿದ ಭಾಗ ಸ್ಪಷ್ಟವಾಗಿ ಕಾಣುವಂತೆ.

ಬಾವಿಗೆ ಮರಳೋಣ. ಬೂದಿ ಮುಗಿದು ತೆಳುವಾದ ಸುಣ್ಣದ ಪದರ, ಅದರ ಕೆಳಗೆ ಕಪ್ಪು ಮಣ್ಣು. ಜರಡಿಯಲ್ಲಿ ತಿಂದವರ ಹೊಟ್ಟೆ ದಾಟಿ ಬಂದ ಸಾವಿರಾರು ಹಣ್ಣಿನ ಬೀಜಗಳು; ಬಳಕೆಯ ಕಾಲದ ಪದರಕ್ಕೆ ಇದಕ್ಕಿಂತ ನಂಬಿಕಸ್ಥ ಸಾಕ್ಷಿಯಿಲ್ಲ. ಆದರೆ ಪದರ ತೆಳುವಾಗಿತ್ತು. ರಾತ್ರಿ ಹೊತ್ತು ಮಲ ಎತ್ತುವವರು ಬಂದು ಬಾವಿಯನ್ನು ಬರಿದು ಮಾಡಿ ಹೋಗಿದ್ದರು. ಹಾಗೆ ಎತ್ತಿಸಿದ ಗುಂಡಿ ಎಂದರೆ ಅನೇಕರು ಅಲ್ಲೇ ಕೈಬಿಡುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಎತ್ತುವವರ ಸಲಿಕೆ ನಡುವೆ ಆಡುತ್ತದೆ, ಗೋಡೆಯ ಬುಡದ ಸುತ್ತ ಒಂದು ಗೇಣು ಮಣ್ಣು ಉಳಿದೇ ಉಳಿಯುತ್ತದೆ. ನಾವು ಆ ಸುತ್ತನ್ನು ಕರಣೆ ಮತ್ತು ಬಿದಿರಿನ ಕಡ್ಡಿಯಿಂದ ಕೆದಕಿದೆವು. ಹಸಿರು ಗಾಜಿನ ಗಿಡ್ಡ ಸೋಡಾ ಬಾಟಲಿ, ತಳದಲ್ಲಿ ಕಬ್ಬಿಣದ ಪಾಂಟಿಲ್ ಗುರುತು (ಗಾಜು ಊದುವಾಗ ಬಾಟಲಿಯನ್ನು ಹಿಡಿದ ಸರಳು ಬಿಟ್ಟ ಕಲೆ), ಅಂದರೆ ಮನೆಯ ಮೊದಲ ದಶಕಗಳದ್ದು. ತಳದಲ್ಲಿ ಡಯಟ್‌ವಿಲ್ ಗಾಜಿನ ಕಾರ್ಖಾನೆಯ ಹೆಸರಿರುವ ವಿಸ್ಕಿ ಬಾಟಲಿಯ ಅರ್ಧ ಭಾಗ. ಆ ಕಾರ್ಖಾನೆ ಇದ್ದುದು ಇದೇ ಕೆನ್ಸಿಂಗ್ಟನ್ನಿನ ನದಿ ದಂಡೆಯಲ್ಲಿ. ಮಿಸೆಸ್ ವಿನ್ಸ್ಲೋ ಶಾಮಕ ಪಾನಕದ ಮೂರು ಪುಟ್ಟ ಸೀಸೆಗಳು. ಹಲ್ಲು ಬರುವ ಕೂಸುಗಳಿಗೆಂದು ಮಾರುತ್ತಿದ್ದ ಆ ಔಷಧದಲ್ಲಿ ಇದ್ದದ್ದು ಮಾರ್ಫಿನ್. ಅದನ್ನು ಚೀಟಿಯ ಮೇಲೆ ಬರೆಯಲೇಬೇಕೆಂಬ ಕಾನೂನು ಬಂದದ್ದು 1906ರಲ್ಲಿ. ಮೂರನ್ನೂ ಒಂದೇ ಕಡೆ ಕಂಡಾಗ ನಾವಿಬ್ಬರೂ ಕೆಲಸ ನಿಲ್ಲಿಸಿ ಮೇಲೆ ಬಂದು ಕುಳಿತೆವು.

ಪ್ರತಿ ಪದರಕ್ಕೂ ಬೇರೆ ಚೀಲ, ಆಳದ ಅಳತೆ, ಅಳತೆಪಟ್ಟಿ ಇಟ್ಟು ಚಿತ್ರ. ಇದನ್ನು ಮಾಡದವರ ಜೊತೆ ನಾನು ಅಗೆಯುವುದಿಲ್ಲ. ಇದೇ ಊರಿನಲ್ಲಿ ಅಮೆರಿಕನ್ ಕ್ರಾಂತಿಯ ವಸ್ತುಸಂಗ್ರಹಾಲಯ ಕಟ್ಟುವ ಮೊದಲು ಪುರಾತತ್ತ್ವಜ್ಞರು ಇಂಥ ಇಟ್ಟಿಗೆ ಬಾವಿಗಳನ್ನು ಅಗೆದಾಗ, ಟ್ರೈಫೀನಾ ಎಂಬ ಹಡಗಿಗೆ ಶುಭ ಕೋರುವ ಬರಹವಿದ್ದ ಬೋಗುಣಿಯ ಚೂರುಗಳು ಕಕ್ಕಸುಗುಂಡಿಯೊಂದರಲ್ಲಿ ಸಿಕ್ಕವು. ಆ ಚೂರುಗಳಿಂದ ಪರವಾನಗಿಯಿಲ್ಲದ ಹೆಂಡದಂಗಡಿಯೊಂದರ ಕಥೆ ಹೊರಬಂದದ್ದು ಅವರು ಮಣ್ಣಿನ ಪದರಗಳನ್ನು ಕಾಪಾಡಿದ್ದರಿಂದ. ನಮ್ಮ ಟಿಪ್ಪಣಿಯ ಒಂದು ಪ್ರತಿ ಎರಡೂ ಮನೆಯವರ ಬಳಿ ಇರುತ್ತದೆ.

ಸೋಡಾ ಬಾಟಲಿ ಈಗ ಮಂಜು ಹಿಡಿದಂತೆ ಕಾಣುತ್ತದೆ. ಅದು ಮೇಲೆ ಮೆತ್ತಿದ ಕೊಳೆಯಾಗಿದ್ದರೆ ತೊಳೆದರೆ ಹೋಗುತ್ತಿತ್ತು. ಮಣ್ಣಿನ ನೀರು ಗಾಜಿನ ಕ್ಷಾರವನ್ನೇ ಹೀರಿಕೊಂಡು ಮೈ ತಿಂದಿದೆ. ಬಾಟಲಿಯನ್ನು ತಾಮ್ರದ ಕಾಳುಗಳೊಂದಿಗೆ ಉರುಳಿಸಿ ಹೊಳಪು ತರುವ ಉರುಳುಯಂತ್ರಕ್ಕೆಂದು ಹೊಸ ಕಾಳು ತರಿಸಿದೆ. ಡಬ್ಬ ತೆರೆದು ಅಯಸ್ಕಾಂತ ಹಿಡಿದರೆ ಎಲ್ಲ ಕಾಳುಗಳೂ ಹಾರಿ ಅಂಟಿಕೊಂಡವು! ತಾಮ್ರದ ಲೇಪ ಹಚ್ಚಿದ ಉಕ್ಕು. ಅದನ್ನು ಹಾಕಿದ್ದರೆ ಗೀರು ಬೀಳುವುದಲ್ಲದೆ ತುಕ್ಕಿನ ಕಲೆಯೂ ಗ್ಯಾರಂಟಿ. ಮಾರಿದವರು ತಪ್ಪು ಒಪ್ಪದೆ, “ಬಣ್ಣ ತಾಮ್ರದ್ದೇ ಅಲ್ಲವೇ?” ಎಂದು ಉತ್ತರ ಬರೆದಿದ್ದಾರೆ. ನೀವೆಲ್ಲರೂ ಅಯಸ್ಕಾಂತ ಹಿಡಿಯದೆ ಒಂದು ಕಾಳನ್ನೂ ಒಳಗೆ ಹಾಕಬೇಡಿ. ಕೊನೆಗೆ ಹಳೆಯ ವಿದ್ಯುತ್ ತಂತಿ ತಂದು ನಾನೇ ತುಂಡರಿಸುತ್ತಿದ್ದೇನೆ. ತಳದ ಪಾಂಟಿಲ್ ಗುರುತಿನ ಮೇಲಿನ ಕಬ್ಬಿಣದ ಕೆಂಪು ಅಳಿಸಿಹೋಗದಂತೆ ಅಲ್ಲಿಗೆ ರಬ್ಬರಿನ ಹೊದಿಕೆ ಹಾಕಬೇಕು. ಬಾಟಲಿಯ ವಯಸ್ಸು ಹೇಳುವ ಗುರುತನ್ನೇ ತೊಡೆದು ಹೊಳಪು ತರುವುದು ನನಗೆ ಬೇಡ.

ಬಾಟಲಿ ಕಾಯಲಿ, ಗೋಡೆ ಮೊದಲು. ಹಿಮ ಬೀಳುವ ಮುನ್ನ ಸುಣ್ಣದ ಗಾರೆ ಗಟ್ಟಿಯಾಗಬೇಕು. ಗುಂಡಿಯನ್ನು ಪದರ ಪದರವಾಗಿ ಕುಟ್ಟಿ ತುಂಬಿ, ಬಾಯಿಗೆ ಕಾಂಕ್ರೀಟ್ ಚಪ್ಪಡಿ ಹಾಕಿ, ಮೂರು ವರಸೆ ಏರಿಸಿದ್ದೇವೆ. ನಿನ್ನೆ ಸಂಜೆ ಪಕ್ಕದ ಮನೆಯ ಶಿಕ್ಷಕಿ ಫೋನ್ ಮಾಡಿದ್ದರು. ತಮ್ಮ ಹಿತ್ತಿಲಿನ ಇನ್ನೊಂದು ಬದಿಯ ಗೋಡೆಗೂ ದಾರ ಕಟ್ಟಿ ನೋಡಿದರಂತೆ. ಅಲ್ಲಿಯೂ ಒಂದು ಕಡೆ ಕುಳಿತಿದೆಯಂತೆ. ಆ ಗೋಡೆಯಾಚೆಯ ಮನೆಯ ಒಡೆಯರಿಗೆ ಇವತ್ತೇ ಪತ್ರ ಹಾಕಿದ್ದೇನೆ.